ಗಂಟೆಗೂ ಕಾಲಿದ್ಯಾ?

"ಇನ್ನೊಂದು ಕಾಲು ಗಂಟೆ ತಡಿ ಪುಟ್ಟಿ, ಹೋಗೋಣ" ಅಂದೆ. ತಂಗಿಯ ಮಗಳಿಗೆ ಆಗ ನಾಲ್ಕೂವರೆ ವರ್ಷ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದಳು. ಸ್ವಲ್ಪ ಹೊತ್ತು ಗೋಡೆ ಗಡಿಯಾರವನ್ನೇ ನೋಡಿದಳು, ಅದರ ಕೆಳಗೂ ಬಗ್ಗಿ ನೋಡಿದಳು. ಆಮೇಲೆ ಕೇಳಿದಳು: "ಮಾಮ, ಗಂಟೆಗೂ ಕಾಲಿದ್ಯಾ?"

ನಗು ಬಂತು. ಆದರೆ ತಪ್ಪು ಅವಳದ್ದಲ್ಲ. ಅವಳಿಗೆ ಗೊತ್ತಿದ್ದ ಗಂಟೆ ಢಣ್ ಅನ್ನುವ ಗಂಟೆ. ಗೊತ್ತಿದ್ದ ಕಾಲು ಚಪ್ಪಲಿಯೊಳಗಿದ್ದ ಕಾಲು. ನಾನು ಹೇಳಿದ್ದರಲ್ಲಿ ಅವಳಿಗೆ ಹೊಸದು ಅನ್ನಿಸುವ ಒಂದೇ ಒಂದು ಪದ ಇರಲಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ಅವಳೇನೋ ಕೇಳಿದಳು. ಎಷ್ಟೋ ಸಲ ಮಕ್ಕಳು ಕೇಳುವುದೇ ಇಲ್ಲ. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ "ಹಾಗಂದ್ರೇನು?" ಅಂತ ಪ್ರಾಣ ತಿನ್ನುತ್ತಾರೆ. ಗೊತ್ತಿರುವ ಪದವೇ ಬಂದರೆ ಯಾಕೆ ಕೇಳಬೇಕು? ತಮಗೆ ಗೊತ್ತಿರುವ ಅರ್ಥವನ್ನೇ ಅಲ್ಲಿ ಕೂರಿಸಿಕೊಂಡು, ಕಥೆ ಸ್ವಲ್ಪ ವಿಚಿತ್ರವಾದರೂ ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಮಕ್ಕಳ ಲೋಕದಲ್ಲಿ ಗಂಟೆಗೆ ಕಾಲಿರುವುದು ಅಂಥ ದೊಡ್ಡ ವಿಷಯವೇನೂ ಅಲ್ಲ, ಅಲ್ವಾ? ಕಥೆಗಳಲ್ಲಿ ಮರ ಮಾತಾಡುತ್ತದೆ, ಚಂದ್ರ ನಗುತ್ತಾನೆ.

ಮಿಶೆಲ್ ಮಝೋಕೊ ಎಂಬ ಸಂಶೋಧಕಿ 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಮಕ್ಕಳಿಗೆ ಸಣ್ಣ ಸಣ್ಣ ಕಥೆ ಹೇಳಿದರು. ಕೆಲವು ಕಥೆಗಳಲ್ಲಿ ಯಾರೂ ಕೇಳಿರದ, ಸುಮ್ನೆ ಹುಟ್ಟುಹಾಕಿದ ಪದ. ಇನ್ನು ಕೆಲವು ಕಥೆಗಳಲ್ಲಿ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಪದ, ಆದರೆ ಬೇರೆಯೇ ಅರ್ಥದಲ್ಲಿ. ಆ ಅರ್ಥ ಏನು ಅಂತ ಕಥೆಯಿಂದಲೇ ಗೊತ್ತಾಗುವ ಹಾಗಿತ್ತು. ಹುಟ್ಟುಹಾಕಿದ ಪದದ ಅರ್ಥ ಊಹಿಸುವುದು ಚಿಕ್ಕ ಮಕ್ಕಳಿಗೆ ಸುಲಭವಾಯಿತು. ಗೊತ್ತಿರುವ ಪದ ಬಂದಾಗ ಮಾತ್ರ, ಕಥೆ ಏನೇ ಹೇಳಲಿ, ಹಳೆಯ ಅರ್ಥವನ್ನೇ ಹಿಡಿದುಕೊಂಡರು. ಹೊಸ ಪದಕ್ಕಿಂತ ಹಳೆಯ ಪದವೇ ಕಷ್ಟ. ಮೊದಲ ಸಲ ಓದಿದಾಗ ನನಗಿದು ಉಲ್ಟಾ ಅನ್ನಿಸಿತ್ತು. ಯೋಚಿಸಿದರೆ ಸರಿಯೇ. ಖಾಲಿ ಜಾಗದಲ್ಲಿ ಯಾರಾದರೂ ಕೂರಬಹುದು, ಒಬ್ಬರು ಆಗಲೇ ಕೂತಿದ್ದರೆ ಎಬ್ಬಿಸಬೇಕಲ್ಲ.

ದೊಡ್ಡವರಾದ ನಮಗೆ ಇದು ಕಾಣಿಸುವುದೇ ಇಲ್ಲ. ಅದಕ್ಕೂ ಕಾರಣವಿದೆ. 1979ರಲ್ಲಿ ಡೇವಿಡ್ ಸ್ವಿನ್ನಿ ಎಂಬ ಮನೋವಿಜ್ಞಾನಿ ಮಾಡಿದ ಪ್ರಯೋಗದ ಪ್ರಕಾರ, ಎರಡು ಅರ್ಥದ ಪದ ಕಿವಿಗೆ ಬಿದ್ದ ತಕ್ಷಣ ಎರಡೂ ಅರ್ಥಗಳು ತಲೆಯಲ್ಲಿ ಎದ್ದು ನಿಲ್ಲುತ್ತವೆ, ಸಂದರ್ಭ ಒಂದೇ ಅರ್ಥದ ಕಡೆ ಬೆರಳು ತೋರಿಸುತ್ತಿದ್ದರೂ ಕೂಡ. ಆದರೆ ಮುಂದಿನ ಎರಡು ಮೂರು ಅಕ್ಷರ ಕೇಳುವಷ್ಟರಲ್ಲಿ ಬೇಡದ ಅರ್ಥ ಮಲಗಿಬಿಡುತ್ತದೆ. ಎಷ್ಟು ಬೇಗ ಅಂದ್ರೆ, ಅದು ಎದ್ದಿತ್ತು ಅನ್ನೋದೇ ನಮಗೆ ತಿಳಿಯುವುದಿಲ್ಲ. "ಕಾಲು ಗಂಟೆ" ಅನ್ನುವಾಗ ನನ್ನ ಮನಸ್ಸಿನಲ್ಲಿ ಕಾಲೂ ಬರಲಿಲ್ಲ, ಗಂಟೆಯ ಸದ್ದೂ ಬರಲಿಲ್ಲ. ಮಗು ಎಲ್ಲಿ ಎಡವಿತು ಅಂತ ನಮಗೆ ಗೊತ್ತಾಗದಿರುವುದು ಇದಕ್ಕೇ. ನಮ್ಮ ದಾರಿಯಲ್ಲಿ ಆ ಕಲ್ಲೇ ಇಲ್ಲ.

ಹಾಗಾದರೆ ಕಲಿಸೋದು ಹೇಗೆ? ಎಲ್ಲರೂ ಮೊದಲು ಮಾಡುವ ಕೆಲಸ ಪಟ್ಟಿ ಮಾಡುವುದು. ಒಂದು ಕಡೆ ಪದ, ಎದುರಿಗೆ ಅರ್ಥ ಒಂದು, ಅರ್ಥ ಎರಡು. ಅರಸು ಅಂದ್ರೆ ರಾಜ, ಅರಸು ಅಂದ್ರೆ ಹುಡುಕು. ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ದೊಡ್ಡವರಿಗೆ ಪಟ್ಟಿ ಚೆನ್ನ. ಅಮರಕೋಶದ ಮೂರನೇ ಕಾಂಡದಲ್ಲಿ ನಾನಾರ್ಥವರ್ಗ ಅಂತ ಒಂದು ಭಾಗವೇ ಇದೆ, ಹಲವು ಅರ್ಥದ ಪದಗಳಿಗಾಗಿಯೇ. ಆದರೆ ಪಟ್ಟಿ ಗೊತ್ತಿದ್ದವರಿಗೆ ನೆನಪಿಸುತ್ತದೆ, ಗೊತ್ತಿಲ್ಲದವರಿಗೆ ಏನೂ ಕಲಿಸುವುದಿಲ್ಲ. ಚಿಕ್ಕ ಮಕ್ಕಳ ವಿಷಯದಲ್ಲಂತೂ ನನಗೆ ಪಟ್ಟಿಯ ಮೇಲೆ ನಂಬಿಕೆಯೇ ಇಲ್ಲ.

ಪಟ್ಟಿಯ ಇನ್ನೊಂದು ದೋಷ, ಅದು ಎಲ್ಲವನ್ನೂ ಒಂದೇ ಥರ ನೋಡುತ್ತದೆ. ನಿಜಕ್ಕೂ ಇಲ್ಲಿ ಎರಡು ಜಾತಿಯ ಪದಗಳಿವೆ. ಎರಡಕ್ಕೂ ಬೇರೆ ಬೇರೆ ಉಪಾಯ ಬೇಕು.

ಒಂದು ಜಾತಿ, ಆಕಸ್ಮಿಕವಾಗಿ ಒಂದೇ ರೂಪ ಪಡೆದ ಪದಗಳು. ಏಳು ಅನ್ನುವ ಸಂಖ್ಯೆಗೂ ಹಾಸಿಗೆಯಿಂದ ಏಳುವುದಕ್ಕೂ ಏನೂ ಸಂಬಂಧವಿಲ್ಲ. ಮೇಯುವ ಆಡು ಬೇರೆ, ಮಕ್ಕಳು ಆಡುವ ಆಡು ಬೇರೆ. ಬೇಟೆಯಾಡುವ ಬೇಡ, "ನಂಗೆ ಬೇಡ" ಅನ್ನುವ ಬೇಡ. ಹೊಳೆಯಲ್ಲಿ ನೀರು ಹರಿಯುತ್ತದೆ, ನಕ್ಷತ್ರ ಹೊಳೆಯುತ್ತದೆ. ಎಳೆ ಅನ್ನುವುದಕ್ಕೆ ಮೂರು: ದಾರದ ಎಳೆ, ಹಗ್ಗ ಎಳೆ, ಎಳೆ ಚಿಗುರು. ಇವು ಒಂದೇ ಹೆಸರಿಟ್ಟುಕೊಂಡ, ಬೇರೆ ಬೇರೆ ಮನೆಯ ಮಕ್ಕಳ ಹಾಗೆ. ಇವುಗಳ ನಡುವೆ ನಂಟು ಹುಡುಕಿ ಹೇಳಲು ಹೋಗಬಾರದು. ಮಗು ಇಲ್ಲದ ನಂಟನ್ನು ನಂಬಿಬಿಡುತ್ತದೆ.

ಇನ್ನೊಂದು ಜಾತಿ, ಒಂದೇ ಪದ ಕೊಂಬೆ ಬಿಟ್ಟದ್ದು. ಕಣ್ಣು ಮುಖದಲ್ಲಿದೆ, ಸೂಜಿಯಲ್ಲೂ ಇದೆ. ಬಾಯಿ ನಮಗಿದೆ, ಬಾಟಲಿಗೂ ಬಾವಿಗೂ ಇದೆ. ಹಲ್ಲು ಬಾಚಣಿಗೆಗೂ ಇದೆ, ಗರಗಸಕ್ಕೂ ಇದೆ. ಗಂಟೆ ಕೂಡ ಇದೇ ಜಾತಿ. ಹೊತ್ತು ತಿಳಿಸಲು ಗಂಟೆ ಬಾರಿಸುತ್ತಿದ್ದರು, ಹಾಗಾಗಿ ಆ ಹೊತ್ತಿಗೇ ಗಂಟೆ ಅನ್ನುವ ಹೆಸರು ಬಂತು. ಇಂಗ್ಲಿಷಿನ ಕ್ಲಾಕ್ ಅನ್ನುವ ಪದದ ಬೇರಿನಲ್ಲೂ ಇರುವುದು ಬಾರಿಸುವ ಗಂಟೆಯೇ. ಕಾಲು? ಕುರ್ಚಿಗೆ ನಾಲ್ಕು ಕಾಲು. ಅದರಲ್ಲಿ ಒಂದು ಅಂದ್ರೆ ನಾಲ್ಕರಲ್ಲಿ ಒಂದು ಪಾಲು. ಸಂಸ್ಕೃತದ ಪಾದ ಅನ್ನುವ ಪದಕ್ಕೂ ಹೀಗೇ, ಕಾಲು ಮತ್ತು ಕಾಲು ಭಾಗ ಎರಡೂ ಅರ್ಥ ಇವೆ. ಈ ಜಾತಿಯಲ್ಲಿ ನಂಟನ್ನು ತೋರಿಸಲೇಬೇಕು, ಅದೇ ಅರ್ಧ ಕೆಲಸ ಮುಗಿಸುತ್ತದೆ. ಆವತ್ತು ನಾನು ಮಾಡಿದ್ದೂ ಅಷ್ಟೇ. ಪಕ್ಕದಲ್ಲಿದ್ದ ಕುರ್ಚಿ ಮಗುಚಿ ಹಾಕಿ ಕಾಲು ಎಣಿಸಿದೆವು. ಆಮೇಲೆ ಗಡಿಯಾರದ ಮುಖವನ್ನು ಬೆರಳಿನಿಂದ ನಾಲ್ಕು ಪಾಲು ಮಾಡಿ, "ನೋಡು, ದೊಡ್ಡ ಮುಳ್ಳು ಇಷ್ಟು ಸುತ್ತಿದರೆ ಗಂಟೆಯ ಒಂದು ಕಾಲು ಆಯ್ತು" ಅಂದೆ. ಮುಳ್ಳು ಅನ್ನುವ ಪದ ಬಳಸಿದ್ದು ಆಮೇಲೆ ಹೊಳೆಯಿತು. ಅವಳಾಗಲೇ "ಚುಚ್ಚುತ್ತಾ?" ಅಂತ ಕೇಳಿಯಾಗಿತ್ತು.

ಈ ಎರಡು ಜಾತಿ ಒಂದೇ ಪದದಲ್ಲಿ ಬೆರೆತಿರುವುದೂ ಉಂಟು. ಹತ್ತು ನೋಡಿ. ಸಂಖ್ಯೆಯ ಹತ್ತು ಒಂದು ಕಡೆ. ಇನ್ನೊಂದು ಹತ್ತು ತಾನೇ ಕೊಂಬೆ ಬಿಟ್ಟಿದೆ: ಮೆಟ್ಟಿಲು ಹತ್ತು, ಬಸ್ಸು ಹತ್ತು, ಬೆಂಕಿ ಹತ್ತಿತು, ನಿದ್ದೆ ಹತ್ತಿತು. ಮಗುವಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಹೇಳುವವರಿಗೆ ಗೊತ್ತಿದ್ದರೆ ಸಾಕು.

ಕನ್ನಡದಲ್ಲಿ ಇದಕ್ಕೊಂದು ವಿಶೇಷ ತಿರುವಿದೆ. ನಮ್ಮಲ್ಲಿ ಎರಡು ಅರ್ಥದ ಪದಗಳು ಬಹಳಷ್ಟು ಸಲ ಒಂದು ಹೆಸರು, ಒಂದು ಕೆಲಸ ಹೀಗೆ ಜೋಡಿಯಾಗಿರುತ್ತವೆ. ವಾಕ್ಯದೊಳಗೆ ಬಂದಾಗ ಅವುಗಳ ಬಾಲವೇ ಗುಟ್ಟು ಬಿಟ್ಟುಕೊಡುತ್ತದೆ. ಕಾಡಿನಲ್ಲಿ ಅಂದರೆ ಮರಗಿಡಗಳ ಕಾಡು, ಕಾಡಿತು ಅಂದರೆ ಪೀಡಿಸಿತು. ಏಳನೇ ಅಂದರೆ ಸಂಖ್ಯೆ, ಏಳುತ್ತಾಳೆ ಅಂದರೆ ಹಾಸಿಗೆಯಿಂದ. ಆರನೇ ದಿನ, ಆರಿದ ದೀಪ. ಬಾಲ ಸೇರಿದ ಕೂಡಲೇ ಗೊಂದಲ ಮುಗಿಯಿತು. ಗೊಂದಲ ಉಳಿಯುವುದು ಬಾಲವಿಲ್ಲದ ಬರೀ ರೂಪದಲ್ಲಿ. ಬಾಲವಿಲ್ಲದ ಆ ಬರೀ ರೂಪವನ್ನು ನಾವು ಯಾರ ಹತ್ತಿರ ಜಾಸ್ತಿ ಬಳಸುತ್ತೇವೆ? ಚಿಕ್ಕ ಮಕ್ಕಳ ಹತ್ತಿರವೇ! ದೊಡ್ಡವರಿಗಾದರೆ ಏಳಿ, ಹತ್ತಿ, ಆಡಿ ಅನ್ನುತ್ತೇವೆ. ಮಕ್ಕಳಿಗೆ ಏಳು, ಹತ್ತು, ಆಡು. ಅಂದರೆ ಭಾಷೆಯಲ್ಲಿ ಅತ್ಯಂತ ಗೊಂದಲದ ರೂಪವನ್ನೇ ಆರಿಸಿ, ಈಗ ತಾನೇ ಭಾಷೆ ಕಲಿಯುತ್ತಿರುವವರ ಕಿವಿಗೆ ಹಾಕುತ್ತಿದ್ದೇವೆ.

ಇದರ ಉಲ್ಟಾ ಕೂಡ ಇದೆ. ಕೆಲವು ಸಲ ಬಾಲ ಸೇರಿದ ಮೇಲೇ ಗೊಂದಲ ಹುಟ್ಟುತ್ತದೆ. ಕಾಡಿಗೆ ಹೋಗಬಹುದು, ಕಾಡಿಗೆ ಹಚ್ಚಿಕೊಳ್ಳಲೂಬಹುದು. ಅವರು ಬಂದರು, ಹಡಗು ನಿಲ್ಲುವುದು ಬಂದರು. "ನಾನು ತಂದೆ" ಅಂತ ಒಬ್ಬರು ಹೇಳಿದರೆ ಏನನ್ನು ತಂದರು ಅಂತ ಕೇಳಬೇಕೋ, ಯಾರ ತಂದೆ ಅಂತ ಕೇಳಬೇಕೋ? ಓದಲು ಶುರುಮಾಡಿದ ಮಕ್ಕಳಿಗೆ ಇವು ಒಳ್ಳೆಯ ಆಟದ ಸಾಮಾನು. ಅದಕ್ಕಿಂತ ಮೊದಲು ಬೇಡ.

ಒಂದೂವರೆ ಎರಡು ವರ್ಷದ ಮಗುವಿಗೆ ಇದನ್ನೆಲ್ಲ ಹೇಳಿಕೊಡಬೇಕೇ? ಬೇಕಿಲ್ಲ. ಆ ವಯಸ್ಸಿನಲ್ಲಿ ಎರಡು ಅರ್ಥ ಕಲಿಯುವ ಶಕ್ತಿ ಆಗಲೇ ಇರುತ್ತದೆ, ಅರ್ಥಗಳು ಒಂದಕ್ಕೊಂದು ದೂರ ಇದ್ದರೆ ಸಾಕು. ಇಸಾಬೆಲ್ ಡೊತ್ರಿಶ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಫ್ರೆಂಚ್ ಕೇಳಿ ಬೆಳೆಯುತ್ತಿದ್ದ 20 ತಿಂಗಳ ಮಕ್ಕಳು ಗೊತ್ತಿರುವ ಪದಕ್ಕೆ ಇನ್ನೊಂದು ಅರ್ಥ ಕಲಿತರು. ಒಂದು ಅರ್ಥ ಹೆಸರು, ಇನ್ನೊಂದು ಕೆಲಸ ಹೀಗೆ ಹೊಸ ಅರ್ಥ ವ್ಯಾಕರಣದಲ್ಲಿ ಬೇರೆ ಬಗೆಯ ಪದವಾಗಿ ಬಂದಾಗ ಅಥವಾ ತೀರಾ ಬೇರೆ ಬಗೆಯ ವಸ್ತುವನ್ನು ಸೂಚಿಸಿದಾಗ ಅದು ಸಾಧ್ಯವಾಯಿತು. ಹತ್ತಿರ ಹತ್ತಿರದ ಎರಡು ವಸ್ತುಗಳಿಗೆ ಒಂದೇ ಹೆಸರು ಇದ್ದಾಗಲೇ ಕಷ್ಟ. ಆದ್ದರಿಂದ ಆಡು ಅನ್ನುವ ಪ್ರಾಣಿ, ಆಡು ಅನ್ನುವ ಕೆಲಸ, ಇವುಗಳ ಬಗ್ಗೆ ಯೋಚನೆ ಬೇಡ. ಮಾತಾಡುತ್ತಾ ಹೋದರೆ ಸಾಕು, ಮಗು ತಾನೇ ಬೇರೆ ಬೇರೆ ಗೂಡಿನಲ್ಲಿ ಇಟ್ಟುಕೊಳ್ಳುತ್ತದೆ.

ನನ್ನ ಲೆಕ್ಕದಲ್ಲಿ ನಿಜವಾದ ತಲೆನೋವು ಹಿಂದೆ, ಮುಂದೆ, ಮೇಲೆ ಅನ್ನುವಂಥವು. ಯಾವ ಪಟ್ಟಿಯೂ ಇವನ್ನು ಹೇಳುವುದಿಲ್ಲ. "ಎರಡು ದಿನದ ಹಿಂದೆ ಬಂದಿದ್ದರು" ಅಂದರೆ ಮಗು ಕತ್ತು ತಿರುಗಿಸಿ ಬೆನ್ನ ಹಿಂದೆ ನೋಡುತ್ತದೆ. "ಇದು ಆದ ಮೇಲೆ ಅದು" ಅನ್ನುವ ಮೇಲೆ ಬೇರೆ, ಮೇಜಿನ ಮೇಲೆ ಬೇರೆ. ಜಾಗದ ಪದವನ್ನೇ ಕಾಲಕ್ಕೂ ಎರವಲು ಕೊಟ್ಟಿದ್ದೇವೆ. ಕಾಲವನ್ನು ಕಣ್ಣಿಗೆ ತೋರಿಸಲು ಆಗುವುದಿಲ್ಲವಲ್ಲ. ಇಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದು ನಿನ್ನೆ, ಇವತ್ತು, ನಾಳೆ ಅಂತ ಮೂರು ಜಾಗ ಮಾಡಿ ಮಗುವನ್ನು "ಇವತ್ತು" ಮೇಲೆ ನಿಲ್ಲಿಸಿ. ಮುಖ ನಾಳೆಯ ಕಡೆ ಇರಲಿ. ನಿನ್ನೆ ಬೆನ್ನ ಹಿಂದೆ ಆಯಿತು, ಎರಡು ಹೆಜ್ಜೆ ಹಿಂದೆ ಹೋದರೆ ಎರಡು ದಿನದ ಹಿಂದೆ. ಪದಕ್ಕೆ ಅರ್ಥ ಹೇಳುವ ಗೋಜೇ ಇಲ್ಲ.

ಪದದ ಬಗ್ಗೆಯೇ ಮಾತಾಡುವುದು, ಅಂದರೆ "ನೋಡು, ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ" ಅನ್ನುವುದು, ಹೆಚ್ಚಿನ ಮಕ್ಕಳಿಗೆ ತಲೆಗೆ ಹೋಗುವುದು 4 ವರ್ಷದ ಆಚೀಚೆ. ಅದಕ್ಕೊಂದು ಕುತೂಹಲದ ಕಾರಣವಿದೆ. ಮಾರ್ಟಿನ್ ಡೊಹರ್ಟಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಹೆಸರಿನ ಎರಡು ಬೇರೆ ವಸ್ತುಗಳನ್ನು ಚಿತ್ರಗಳಲ್ಲಿ ಗುರುತಿಸುವ ಕೆಲಸ ಕೊಟ್ಟರು. ಇದರಲ್ಲಿ ಗೆದ್ದ ಮಕ್ಕಳು ಇನ್ನೊಂದು ಪರೀಕ್ಷೆಯಲ್ಲೂ ಗೆಲ್ಲುವವರಾಗಿದ್ದರು: ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರಬಹುದು, ಅವರು ತಪ್ಪಾಗಿ ತಿಳಿದುಕೊಂಡಿರಬಹುದು ಅಂತ ಊಹಿಸುವ ಪರೀಕ್ಷೆ. ಒಂದು ವಿಷಯವನ್ನು ಇಬ್ಬರು ಎರಡು ಥರ ನೋಡಬಹುದು ಅನ್ನುವುದೂ, ಒಂದು ಸದ್ದನ್ನು ಎರಡು ಥರ ಅರ್ಥ ಮಾಡಬಹುದು ಅನ್ನುವುದೂ ಹೆಚ್ಚುಕಡಿಮೆ ಒಟ್ಟಿಗೇ ಬೆಳೆಯುತ್ತವೆ. ಹಾಗಾಗಿ ಮೂರು ವರ್ಷದ ಮಗು "ಇಲ್ಲ, ಆಡು ಅಂದ್ರೆ ಪ್ರಾಣಿನೇ" ಅಂತ ಹಟ ಹಿಡಿದರೆ ಬಿಟ್ಟುಬಿಡಿ. ಆ ಮಗುವೇ ಎರಡು ನಿಮಿಷ ಆದ ಮೇಲೆ "ಬಾ ಆಡೋಣ" ಅಂತ ಕರೆಯುತ್ತದೆ. ಬಳಸಲು ಬರುತ್ತದೆ, ಬಳಸುತ್ತಿದ್ದೇನೆ ಅನ್ನುವುದು ಗೊತ್ತಿಲ್ಲ, ಅಷ್ಟೇ.

ನಾಲ್ಕು ದಾಟಿದ ಮೇಲೆ ಏನು ಮಾಡಬಹುದು? ಅರ್ಥ ಹೇಳುವ ಬದಲು ನೆರೆಹೊರೆ ತೋರಿಸಿ. ಪ್ರತಿ ಅರ್ಥಕ್ಕೂ ಅದರದ್ದೇ ಸಂಗಡಿಗ ಪದಗಳಿವೆ. ಮುತ್ತು ಹಾರ, ಚಿಪ್ಪು, ಸಮುದ್ರ ಇವುಗಳ ಜೊತೆ ಬಂದರೆ ಒಂದು. ಕೆನ್ನೆಯ ಜೊತೆ ಬಂದರೆ ಇನ್ನೊಂದು. ಕಲೆ ಬಟ್ಟೆಯ ಹತ್ತಿರ ಬಂದರೆ ತೊಳೆಯಬೇಕು, ಚಿತ್ರದ ಹತ್ತಿರ ಬಂದರೆ ಮೆಚ್ಚಬೇಕು. "ಅಲ್ಲಿ ಅಕ್ಕಪಕ್ಕ ಯಾರಿದ್ದಾರೆ ನೋಡು" ಅನ್ನುವ ಒಂದೇ ಪ್ರಶ್ನೆಯನ್ನು ಅಭ್ಯಾಸ ಮಾಡಿಸಿದರೆ ಮುಂದೆ ಒಬ್ಬರೇ ಕೂತು ಓದುವಾಗಲೂ ಅದು ಉಪಯೋಗಕ್ಕೆ ಬರುತ್ತದೆ. ಎರಡನೇ ಅರ್ಥವನ್ನು ಪರಿಚಯಿಸುವಾಗ ಮೊದಲನೆಯದು ಗಟ್ಟಿಯಾಗಿರಬೇಕು. ಎರಡೂ ಹೊಸದಾಗಿ ಒಂದೇ ದಿನ ಬಂದರೆ ಮಗು ಎರಡನ್ನೂ ಕಲಸಿಬಿಡುತ್ತದೆ.

ಆಮೇಲೆ, "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡಿ. ಎಲ್ಲ ಮಕ್ಕಳೂ ಹೂಂ ಅನ್ನುತ್ತಾರೆ. ಚಿತ್ರ ಬರೆಸಿ. ಕಾಗದವನ್ನು ನಡುವೆ ಮಡಚಿ, ಮೇಲೆ ಒಂದು ಪದ ಬರೆದು, ಎರಡೂ ಕಡೆ ಎರಡು ಚಿತ್ರ. ಪುಟ್ಟಿ ಏಳು ಅನ್ನುವುದಕ್ಕೆ ಒಂದು ಕಡೆ ಏಳು ಚುಕ್ಕಿ ಇಟ್ಟಳು. ಇನ್ನೊಂದು ಕಡೆ ಒಂದು ಹಾಸಿಗೆ, ಅದರಲ್ಲಿ ಕೂದಲು ಮಾತ್ರ ಕಾಣುವ ಹುಡುಗಿ, ಪಕ್ಕದಲ್ಲಿ ಸೊಂಟದ ಮೇಲೆ ಕೈ ಇಟ್ಟು ದೊಡ್ಡದಾಗಿ ಬಾಯಿ ತೆರೆದು ನಿಂತ ಅಮ್ಮ. ಅಮ್ಮನ ಬಾಯಿ ಹಾಸಿಗೆಗಿಂತ ದೊಡ್ಡದಿತ್ತು. ಕಾಡು ಅಂತ ಕೊಟ್ಟಾಗ ಒಂದು ಕಡೆ ಮರಗಳು ಬಂದವು, ಇನ್ನೊಂದು ಕಡೆ ಖಾಲಿ ಬಿಟ್ಟಳು. ಅಲ್ಲಿಗೆ ಗೊತ್ತಾಯಿತಲ್ಲ. ಕಾಡುವುದು ಅಂದ್ರೇನು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ಬಾಯಿಮಾತಿನಲ್ಲಿ ಕೇಳಿದ್ದರೆ ಹೂಂ ಅಂದಿರುತ್ತಿದ್ದಳು.

ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲಿ ಒಂದು ಮಾತು. ಪಾಠದ ಪದಗಳಲ್ಲಿ ಮನೆಮಾತಿನ ಪದಗಳೇ ವೇಷ ಹಾಕಿ ಕೂತಿರುತ್ತವೆ. ಸಮ ಪಾಲು ಅಂದ್ರೆ ಇಬ್ಬರಿಗೂ ಒಂದೇ ಅಷ್ಟು. ಹಾಗಿದ್ದರೆ 4 ಸಮ ಸಂಖ್ಯೆ ಅಂದಾಗ ಅದು ಯಾವುದಕ್ಕೆ ಸಮ? ಬಿಡಿ ಸ್ಥಾನ ಅಂದ್ರೆ ಆ ಜಾಗ ಬಿಟ್ಟುಬಿಡಬೇಕಾ? ಪ್ರಶ್ನೆಗೂ ಉತ್ತರ, ದಿಕ್ಕಿಗೂ ಉತ್ತರ. ಬಲಗೈಯಲ್ಲಿ ಇರುವ ಬಲ ಬೇರೆ, ವಿಜ್ಞಾನದಲ್ಲಿ ಬರುವ ಬಲ ಬೇರೆ. ಕಳೆ ಅಂದ್ರೆ ಲೆಕ್ಕದಲ್ಲಿ ಒಂದು, ತೋಟದಲ್ಲಿ ಒಂದು. ಮಗುವಿಗೆ ಲೆಕ್ಕ ಬರುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳುವ ಮೊದಲು ಲೆಕ್ಕದ ಪದ ತಲೆಗೆ ಹೇಗೆ ಹೋಗಿದೆ ಅಂತ ನೋಡುವುದು ಒಳ್ಳೆಯದು. ಸಮ ಸಂಖ್ಯೆಗೆ ಕಲ್ಲುಗಳನ್ನು ಇಬ್ಬರಿಗೆ ಹಂಚಿ ನೋಡಿದರೆ ಆಯ್ತು, ಒಂದೂ ಮಿಗದೆ ಎರಡು ಕಡೆ ಸಮ ಆಗುತ್ತದೆ. ಆಗ ಹಳೆಯ ಅರ್ಥವೇ ಹೊಸದಕ್ಕೆ ಕೈ ಕೊಡುತ್ತದೆ. (ಕೈ ಕೊಡುವುದು ಅಂದ್ರೆ ಮೋಸ ಮಾಡುವುದು ಅಂತಲೂ ಇದೆ. ಇಲ್ಲಿ ಆ ಅರ್ಥ ಅಲ್ಲ.)

ಮನಸ್ಸಿಗೆ ಸಂಬಂಧಿಸಿದ ಅರ್ಥಗಳು ಎಲ್ಲಕ್ಕಿಂತ ತಡ. ಮೆತ್ತನೆ ದಿಂಬು ಗೊತ್ತು, ಮೆತ್ತನೆ ಸ್ವಭಾವ ಗೊತ್ತಿಲ್ಲ. ಗಟ್ಟಿ ಮರ ಸರಿ, ಗಟ್ಟಿ ಮನಸ್ಸು ಏನದು? ಸೊಲೊಮನ್ ಆಶ್ ಮತ್ತು ಹ್ಯಾರಿಯೆಟ್ ನೆರ್ಲೋವ್ 1960ರಲ್ಲಿ ಇಂಥ ಇಂಗ್ಲಿಷ್ ಪದಗಳ ಬಗ್ಗೆ ಮಕ್ಕಳನ್ನು ಕೇಳಿ ನೋಡಿದರು. 3-4 ವರ್ಷದವರಿಗೆ ಇವು ಹೆಚ್ಚಾಗಿ ವಸ್ತುಗಳ ಪದಗಳಷ್ಟೇ. 7-8ಕ್ಕೆ ಮನುಷ್ಯರಿಗೂ ಬಳಸುತ್ತಾರೆ, ಆದರೆ ಎರಡಕ್ಕೂ ಏನು ನಂಟು ಅಂತ ಕೇಳಿದರೆ ಹೇಳಲಾರರು. 9-10ರ ಹೊತ್ತಿಗೆ ನಂಟು ಕಾಣತೊಡಗುತ್ತದೆ. ಆದ್ದರಿಂದ ಆರು ವರ್ಷದ ಮಗು "ಕಲ್ಲು ಮನಸ್ಸು" ಅಂದಾಗ ಎದೆಯೊಳಗೆ ಕಲ್ಲಿರುವ ರಾಜನ ಚಿತ್ರ ಬರೆದರೆ ತಿದ್ದಬೇಡಿ. ಅದು ಹಾದುಹೋಗಲೇಬೇಕಾದ ಮೆಟ್ಟಿಲು.

ಭಾಷೆಯಲ್ಲಿ ಇಷ್ಟೊಂದು ಗೊಂದಲ ಯಾಕಿರಬೇಕು, ಪ್ರತಿ ಅರ್ಥಕ್ಕೂ ಒಂದೊಂದು ಪದ ಇದ್ದಿದ್ದರೆ ಆಗುತ್ತಿರಲಿಲ್ವಾ ಅಂತ ಕೇಳುವವರಿದ್ದಾರೆ. ಸ್ಟೀವನ್ ಪಿಯಾಂಟಡೋಸಿ ಮತ್ತು ಸಂಗಡಿಗರು 2012ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಸಂದರ್ಭವೇ ಅರ್ಧ ಅರ್ಥ ಹೇಳುತ್ತದೆ, ಅಂದ ಮೇಲೆ ಚಿಕ್ಕದಾದ, ಸುಲಭವಾಗಿ ಉಚ್ಚರಿಸಬಹುದಾದ ಪದಗಳನ್ನೇ ಮತ್ತೆ ಮತ್ತೆ ಬಳಸುವುದು ಲಾಭ. ನಿಜವೇ. ಮೇಲೆ ಬಂದ ಪದಗಳನ್ನು ನೋಡಿ: ಏಳು, ಆಡು, ಎಳೆ, ಕಳೆ, ಕಾಲು. ಎಲ್ಲವೂ ಎರಡಕ್ಷರ.

ಇನ್ನು ನಗೆಯ ವಿಷಯ. ಮಗು ಎರಡು ಅರ್ಥವನ್ನು ನಿಜವಾಗಿ ಹಿಡಿದಿದೆಯಾ ಅನ್ನುವುದಕ್ಕೆ ಯಾವ ಪರೀಕ್ಷೆಯೂ ಬೇಡ. ಅದು ಪದದ ಮೇಲೆ ಜೋಕ್ ಮಾಡುತ್ತದಾ ನೋಡಿದರೆ ಸಾಕು. ಐದು ವರ್ಷದವರು ದೊಡ್ಡವರ ಒಗಟಿಗೆ ನಗುತ್ತಾರೆ, ಆದರೆ ಎಲ್ಲಿ ನಗಬೇಕಿತ್ತು ಅಂತ ಗೊತ್ತಿಲ್ಲದೆ. ಆಮೇಲೆ ಅದನ್ನೇ ಬೇರೆಯವರಿಗೆ ಹೇಳಲು ಹೋಗಿ ಮುಖ್ಯವಾದ ಪದವನ್ನೇ ಬದಲಾಯಿಸಿ ಹಾಳು ಮಾಡುತ್ತಾರೆ. ಏಳೆಂಟರ ಹೊತ್ತಿಗೆ ಸ್ವಂತ ಅಂಗಡಿ ತೆರೆಯುತ್ತಾರೆ. ಪುಟ್ಟಿಗೆ ಈಗ ಏಳು ತುಂಬಿದೆ. ಮೊನ್ನೆ ಬೆಳಿಗ್ಗೆ ಎಬ್ಬಿಸಲು ಹೋಗಿ "ಪುಟ್ಟಿ, ಏಳು" ಅಂದೆ. ಹೊದಿಕೆ ಅಲುಗಾಡಲಿಲ್ಲ. ಇನ್ನೊಂದು ಸಲ ಜೋರಾಗಿ "ಏಳು!" ಅಂದೆ.

ಹೊದಿಕೆಯೊಳಗಿಂದ ದನಿ ಬಂತು: "ಎಂಟು."